ಬರೆದದ್ದು ಯಾವುದು, ಆ ಗಳಿಗೆಯಲ್ಲಿ ಹುಟ್ಟಿದ್ದು ಯಾವುದು?

ಪ್ರಶ್ನೆ: 'ದಿ ಜಾಝ್ ಕಂಪೋಸರ್ಸ್ ಆರ್ಕೆಸ್ಟ್ರಾ' ಎಂಬ 1968ರ ಆಲ್ಬಂ ಅನ್ನು ಮೂರು ಸಲ ಕೇಳಿದೆ. ಜಾಝ್ ನನಗೆ ಹೊಸದಲ್ಲ. ಆದರೂ ಇಲ್ಲಿ ದಿಕ್ಕು ತಪ್ಪಿತು. ಎಲ್ಲವನ್ನೂ ಮೊದಲೇ ಬರೆದಿದ್ದರೆ ಇದನ್ನು 'ಫ್ರೀ' ಜಾಝ್, ಅಂದರೆ ಕಟ್ಟುಪಾಡಿಲ್ಲದ ಜಾಝ್, ಅನ್ನುವುದು ಯಾಕೆ? ಬರೆದೇ ಇಲ್ಲ ಅಂದರೆ ಸಂಯೋಜಕರ ಹೆಸರು ಯಾಕೆ? ಹಿಡಿದುಕೊಳ್ಳಲು ತಾಳವೂ ಇಲ್ಲದೆ ಇಪ್ಪತ್ತು ಜನ ಒಂದೇ ಸಲಕ್ಕೆ ನಿಲ್ಲುವುದು ಹೇಗೆ? ಮನೆಯವರಂತೂ 'ಬರೀ ಗದ್ದಲ' ಅಂತ ಎದ್ದು ಹೋಗುತ್ತಾರೆ. ನಾನು ಕಿವಿಯನ್ನು ಎಲ್ಲಿಡಬೇಕು?

ಉತ್ತರ: ಮೊದಲು ಆ ಆಲ್ಬಂನ ಅತಿ ಚಿಕ್ಕ ತುಣುಕನ್ನು ಮತ್ತೊಮ್ಮೆ ಹಾಕಿ. ಅದರ ಹೆಸರು 'ಪ್ರಿವ್ಯೂ'. ಮೂರೂವರೆ ನಿಮಿಷವೂ ಇಲ್ಲ. ಟೆನರ್ ಸ್ಯಾಕ್ಸೊಫೋನ್ ಊದುತ್ತಿರುವವರು ಫೆರೋ ಸ್ಯಾಂಡರ್ಸ್. ಅವರು ಬಿಸಿಯಾಗಲು ಸಮಯ ತೆಗೆದುಕೊಳ್ಳುವುದೇ ಇಲ್ಲ. ಒಂದು ಸ್ವರ ಹಿಡಿದು ಅದನ್ನೇ ಸೀಳುತ್ತಾರೆ, ಕಿರುಚಿಸುತ್ತಾರೆ, ಒಂದೇ ಉಸಿರಿನಲ್ಲಿ ಎರಡು ಮೂರು ಸ್ವರ ಒಟ್ಟಿಗೆ ಹೊರಡುವ ಹಾಗೆ ಮಾಡುತ್ತಾರೆ. ಈಗ ಸ್ವಲ್ಪ ಕಷ್ಟಪಟ್ಟು ಅವರನ್ನು ಕಿವಿಯಿಂದ ಆಚೆ ಇಡಿ. ಹಿಂದೆ ನಡೆಯುತ್ತಿರುವುದನ್ನು ಮಾತ್ರ ಕೇಳಿ. ಇಡೀ ಆರ್ಕೆಸ್ಟ್ರಾ ಗುಂಪಾಗಿ ಬಡಿಯುತ್ತಿದೆ. ಒಬ್ಬರೂ ಹಿಂದೆಮುಂದಾಗದೆ ಬೀಳುವ ಪೆಟ್ಟುಗಳು ಅವು. ಅಕಸ್ಮಾತ್ತಾಗಿ ಹಾಗೆ ಬೀಳಲು ಸಾಧ್ಯವಿಲ್ಲ, ಅಲ್ವಾ? ಅದು ಬರೆದದ್ದು. ಸ್ಯಾಂಡರ್ಸ್ ಊದುತ್ತಿರುವುದು ಆ ಗಳಿಗೆಯಲ್ಲಿ ಹುಟ್ಟಿದ್ದು.

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಈ ಮೂರು ನಿಮಿಷದಲ್ಲೇ ಇದೆ. ಇದನ್ನು ಬರೆದ ಮೈಕಲ್ ಮ್ಯಾಂಟ್ಲರ್ ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಟ್ರಂಪೆಟ್ ವಾದಕ. ರೆಕಾರ್ಡಿಂಗ್ ಆದಾಗ ವಯಸ್ಸು ಇನ್ನೂ 24. ಅವರು ಕಂಡುಕೊಂಡ ಉಪಾಯ ಸರಳ. ಆರ್ಕೆಸ್ಟ್ರಾವನ್ನು ಕಟ್ಟಿಹಾಕು, ಒಬ್ಬರನ್ನು ಬಿಚ್ಚಿಬಿಡು. ಎರಡು ಎಲ್‌ಪಿ ತಟ್ಟೆಗಳ ಉದ್ದಕ್ಕೂ ಇದೇ ಆಟ. 'ಕಮ್ಯುನಿಕೇಷನ್ಸ್' ಎಂಬ ಹೆಸರಿಗೆ 8, 9, 10, 11 ಅಂತ ಸಂಖ್ಯೆ ಹಾಕಿದ ತುಣುಕುಗಳಿವೆ. 8ರಲ್ಲಿ ಬಿಚ್ಚಿಬಿಟ್ಟದ್ದು ಕಾರ್ನೆಟ್ (ಟ್ರಂಪೆಟ್‌ನಂಥ ಚಿಕ್ಕ ವಾದ್ಯ) ಊದುವ ಡಾನ್ ಚೆರಿ ಮತ್ತು ಸ್ಯಾಕ್ಸೊಫೋನ್ ಊದುವ ಗಾಟೊ ಬಾರ್ಬಿಯೇರಿ ಅವರನ್ನು. 9ರಲ್ಲಿ ಲ್ಯಾರಿ ಕೊರಿಯೆಲ್, ಅವರ ಗಿಟಾರ್ ಮತ್ತು ಆಂಪ್ಲಿಫೈಯರ್‌ನ ಫೀಡ್‌ಬ್ಯಾಕ್ ಎಂಬ ಗುಂಯ್ ದನಿ. 10ರಲ್ಲಿ ರೋಸ್ವೆಲ್ ರಡ್ ಅವರ ಟ್ರಾಂಬೋನ್. 11ರಲ್ಲಿ ಪಿಯಾನೊಗೆ ಸೆಸಿಲ್ ಟೇಲರ್. ಅದು ಎರಡು ಭಾಗ ಸೇರಿ ಅರ್ಧ ಗಂಟೆಗೂ ಜಾಸ್ತಿ.

ಇನ್ನರ್ಧ ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಇಷ್ಟೊಂದು ಜನರನ್ನು ಸೇರಿಸಿ ಮನೋಧರ್ಮಕ್ಕೆ ಬಿಟ್ಟರೆ ಬರುವ ತೊಂದರೆ ಏನು ಅಂತ ತಿಳಿಯದಿದ್ದರೆ, ಮ್ಯಾಂಟ್ಲರ್ ಇಷ್ಟು ಬಿಗಿ ಯಾಕೆ ಮಾಡಿದರು ಅನ್ನುವುದು ಹೊಳೆಯುವುದಿಲ್ಲ.

1960ರ ಡಿಸೆಂಬರ್ 21ರಂದು ನ್ಯೂಯಾರ್ಕ್‌ನಲ್ಲಿ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ತಾವೂ ಸೇರಿ ಎಂಟು ಜನರನ್ನು ಕೂಡಿಸಿ 'ಫ್ರೀ ಜಾಝ್' ರೆಕಾರ್ಡ್ ಮಾಡಿದರು. ಮುಂದೆ ಇಡೀ ಪ್ರಕಾರಕ್ಕೆ ಅಂಟಿಕೊಂಡದ್ದು ಈ ಆಲ್ಬಂನ ಹೆಸರೇ. ನಾಲ್ಕು ಜನ ಸ್ಟೀರಿಯೊದ ಎಡಗಡೆ, ನಾಲ್ಕು ಜನ ಬಲಗಡೆ. ಒಂದೊಂದು ಕಡೆಯೂ ಇಬ್ಬರು ಊದುವವರು, ಒಂದು ಬಾಸ್, ಒಂದು ಡ್ರಮ್ಸ್. ಎಡಕ್ಕೆ ಕೋಲ್ಮನ್, ಡಾನ್ ಚೆರಿ, ಸ್ಕಾಟ್ ಲಫಾರೊ, ಬಿಲ್ಲಿ ಹಿಗ್ಗಿನ್ಸ್. ಬಲಕ್ಕೆ ಎರಿಕ್ ಡಾಲ್ಫಿ, ಫ್ರೆಡ್ಡಿ ಹಬ್ಬರ್ಡ್, ಚಾರ್ಲಿ ಹೇಡನ್, ಎಡ್ ಬ್ಲ್ಯಾಕ್‌ವೆಲ್. ಸುಮಾರು 37 ನಿಮಿಷ ನಿಲ್ಲದೆ ನಡೆಯುತ್ತದೆ. ಹೆಸರು 'ಫ್ರೀ' ಅಂತ ಇದ್ದರೂ ಅದರೊಳಗೆ ಬರೆದ ತುಂಡುಗಳಿವೆ. ಒಬ್ಬರ ಸರದಿ ಮುಗಿದು ಇನ್ನೊಬ್ಬರದು ಶುರುವಾಗುವಾಗ ಎಲ್ಲರೂ ಸೇರಿ ಒಂದು ಚಿಕ್ಕ ಮೊಳಗು ಊದುತ್ತಾರೆ, ಬಾಗಿಲು ತೆರೆದ ಹಾಗೆ. ಆಮೇಲೆ ಒಬ್ಬರು ಮುಂದೆ ಬರುತ್ತಾರೆ, ಉಳಿದವರು ಮನಸ್ಸಾದಾಗ ಮಧ್ಯೆ ಬಾಯಿ ಹಾಕುತ್ತಾರೆ.

ಇದನ್ನು ಹೆಡ್‌ಫೋನ್‌ನಲ್ಲಿ ಕೇಳಿ. ಗೊಂದಲ ಆದಾಗ ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿ. ಎಂಟು ಜನ ನಾಲ್ಕಾಗುತ್ತಾರೆ. ಸಣ್ಣ ಉಪಾಯ, ಆದರೆ ನನಗೆ ಈ ಆಲ್ಬಂ ಅರ್ಥವಾದದ್ದೇ ಹೀಗೆ.

ಕೇಳುವುದನ್ನು ಕಲಿಯಲು ಇದಕ್ಕಿಂತ ಒಳ್ಳೆ ದಾರಿ ಇನ್ನೊಂದಿದೆ. ಅದೇ ದಿನ ಅದೇ ಎಂಟು ಜನ ಇದನ್ನೇ ಇನ್ನೊಮ್ಮೆ, ಚಿಕ್ಕದಾಗಿ, ಸುಮಾರು 17 ನಿಮಿಷ ನುಡಿಸಿದ್ದರು. 'ಫಸ್ಟ್ ಟೇಕ್' ಎಂಬ ಹೆಸರಿನಲ್ಲಿ ಅದು 1971ರಲ್ಲಿ ಹೊರಗೆ ಬಂತು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ. ಎರಡರಲ್ಲೂ ಹಾಗೇ ಇರುವುದು ಬರೆದದ್ದು. ಬದಲಾಗಿರುವುದು ಆಗ ಹುಟ್ಟಿದ್ದು. ಸ್ವರಲಿಪಿ ಓದಲು ಬರಬೇಕಿಲ್ಲ, ಸಿದ್ಧಾಂತ ಬೇಕಿಲ್ಲ. ಎರಡು ಟೇಕ್, ಅಂದರೆ ಒಂದೇ ಕೃತಿಯ ಎರಡು ಸಲದ ರೆಕಾರ್ಡಿಂಗ್, ಸಾಕು.

ಇದೇ ಪರೀಕ್ಷೆಯನ್ನು ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ 'ಅಸೆನ್ಶನ್' ಮೇಲೂ ಮಾಡಬಹುದು. 1965ರ ಜೂನ್ 28ರಂದು ಹನ್ನೊಂದು ಜನ ಅದನ್ನು ಪೂರ್ತಿಯಾಗಿ ಎರಡು ಸಲ ನುಡಿಸಿದರು. ಒಂದೊಂದೂ 40 ನಿಮಿಷದ ಆಸುಪಾಸು. ಮೊದಲು ಒಂದು ಟೇಕ್ ಮಾರುಕಟ್ಟೆಗೆ ಬಂತು. ಆಮೇಲೆ ಸದ್ದಿಲ್ಲದೆ, ಅದೇ ಕವರ್‌ನೊಳಗೆ ಇನ್ನೊಂದು ಟೇಕ್ ಬಂತು. ಗುರುತು ಅಂದರೆ ಎಲ್‌ಪಿಯ ಲೇಬಲ್ ಪಕ್ಕದ ಖಾಲಿ ಜಾಗದಲ್ಲಿ ಕೊರೆದ 'ಎಡಿಷನ್ 2' ಎಂಬ ಅಕ್ಷರಗಳು ಮಾತ್ರ. ಆಲ್ಬಂ ಬಗ್ಗೆ ಜಗಳವಾಡಿದ ಇಬ್ಬರು ಬೇರೆಬೇರೆ ರೆಕಾರ್ಡಿಂಗ್ ಕೇಳಿ ಜಗಳವಾಡಿರಲೂ ಸಾಕು! ಈಗ ಎರಡೂ ಸುಲಭವಾಗಿ ಸಿಗುತ್ತವೆ.

ಎರಡನ್ನೂ ಕೇಳಿದರೆ ಎಲುಬು ಕಾಣುತ್ತದೆ. ಶುರುವಿನಲ್ಲಿ ಒಂದು ಪುಟ್ಟ ಸ್ವರಮಾಲೆ. ಆಮೇಲೆ ಒಂದು ಗುಂಪು, ಒಂದು ಸೋಲೋ (ಒಬ್ಬರೇ ಮುಂದೆ ಬಂದು ನುಡಿಸುವ ಸರದಿ), ಮತ್ತೆ ಗುಂಪು, ಮತ್ತೆ ಸೋಲೋ. ಗುಂಪಿನ ಭಾಗಗಳಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುವ ಸ್ವರಗಳ ದಾರಿ ಇದೆ. ಆ ದಾರಿಯಲ್ಲಿ ಹೇಗೆ ಇಳಿಯುವುದು ಎನ್ನುವುದು ನುಡಿಸುವವರಿಗೆ ಬಿಟ್ಟದ್ದು. ಎರಡು ಟೇಕ್‌ಗಳ ನಡುವೆ ಸೋಲೋಗಳು ಬದಲಾದವು, ಈ ಎಲುಬು ಬದಲಾಗಲಿಲ್ಲ.

ತೊಂದರೆಯೂ ಕೇಳಿಸುವುದು ಇಲ್ಲೇ. ಇದು ನನ್ನ ಅಭಿಪ್ರಾಯ, ಕೋಲ್ಟ್ರೇನ್ ಅಭಿಮಾನಿಗಳು ಬೈದರೂ ಪರವಾಗಿಲ್ಲ. 'ಅಸೆನ್ಶನ್'ನ ಸೋಲೋಗಳು ಒಂದಕ್ಕಿಂತ ಒಂದು ಬೇರೆ, ಆದರೆ ಗುಂಪಿನ ಭಾಗಗಳು ಒಂದರ ಹಾಗೆ ಒಂದು. ಯಾಕೆಂದರೆ ಎಲ್ಲರಿಗೂ ಸ್ವಾತಂತ್ರ್ಯ ಕೊಟ್ಟರೆ ಎಲ್ಲರೂ ನುಡಿಸುತ್ತಾರೆ. ಸುಮ್ಮನಿರುವ ಸ್ವಾತಂತ್ರ್ಯವೂ ಇದೆ ಅನ್ನುವುದು ಯಾರಿಗೂ ನೆನಪಾಗುವುದಿಲ್ಲ. ಮೂರು ಜನ ನುಡಿಸುವಾಗ ಒಬ್ಬರು ನಿಲ್ಲಿಸಿದರೆ ತಕ್ಷಣ ಗೊತ್ತಾಗುತ್ತದೆ. ಹನ್ನೊಂದು ಜನರಲ್ಲಿ ಒಬ್ಬರು ನಿಲ್ಲಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಯಾರೂ ನಿಲ್ಲಿಸುವುದಿಲ್ಲ. ಎಲ್ಲ ಬಣ್ಣವನ್ನೂ ಒಟ್ಟಿಗೆ ಕಲಸಿದರೆ ಕೊನೆಗೆ ಒಂದೇ ಮಣ್ಣಿನ ಬಣ್ಣ ಉಳಿಯುವುದು. ನಿಮ್ಮ ಮನೆಯವರು 'ಗದ್ದಲ' ಅನ್ನುವಾಗ ಅವರ ಕಿವಿಗೆ ಬಿದ್ದದ್ದು ಬಹುಶಃ ಇದೇ. ಅವರದು ಪೂರ್ತಿ ತಪ್ಪಲ್ಲ.

ಹಾಗಾಗಿ ದೊಡ್ಡ ಫ್ರೀ ಜಾಝ್ ತಂಡದಲ್ಲಿ ಸಂಯೋಜಕರ ಮೊದಲ ಕೆಲಸ ಸ್ವರ ಬರೆಯುವುದಲ್ಲ. ಯಾರು ಯಾವಾಗ ಸುಮ್ಮನಿರಬೇಕು ಅಂತ ತೀರ್ಮಾನಿಸುವುದು. ಕಾಗದದ ಮೇಲೆ ಹೆಚ್ಚಿಗೆ ಇರುವುದು ಮೌನ. ನೀವು ಸ್ವರವನ್ನು ಹುಡುಕುತ್ತಾ ಕೇಳಿದ್ದೀರಿ ಅಂತ ಕಾಣುತ್ತದೆ, ಅದಕ್ಕೇ ದಾರಿ ಸಿಗಲಿಲ್ಲ. ಈ ಸಲ ಯಾರು ಬಂದರು, ಯಾರು ಹೋದರು ಅನ್ನುವುದನ್ನಷ್ಟೇ ಹಿಂಬಾಲಿಸಿ. ನಾನು ಮೊದಮೊದಲು ಒಂದು ಹಾಳೆ ಇಟ್ಟುಕೊಂಡು, ಒಂದೊಂದು ವಾದ್ಯಕ್ಕೂ ಒಂದು ಗೆರೆ ಎಳೆದು, ಅದು ನುಡಿದಷ್ಟು ಹೊತ್ತು ಪೆನ್ಸಿಲ್ ಓಡಿಸುತ್ತಿದ್ದೆ. ಹತ್ತು ನಿಮಿಷ ಆಗುವಷ್ಟರಲ್ಲಿ ಹಾಳೆಯ ಮೇಲೆ ಒಂದು ನಕ್ಷೆ. ನೋಡಿದವರು ನನಗೆ ತಲೆ ಕೆಟ್ಟಿದೆ ಅಂದುಕೊಂಡರು.

ಮ್ಯಾಂಟ್ಲರ್ ಆಲ್ಬಂಗೆ ಅಂಥ ನಕ್ಷೆ ಬರೆದರೆ ಕೆಳಗಡೆ ಒಂದು ದಪ್ಪ ಪಟ್ಟಿ ಕಾಣುತ್ತದೆ. ಅದು ಡಬಲ್ ಬಾಸ್‌ಗಳದು, ಅಂದರೆ ತಗ್ಗಿನ ದನಿಯ ದೊಡ್ಡ ತಂತಿವಾದ್ಯಗಳದು. ಸಾಮಾನ್ಯವಾಗಿ ಜಾಝ್ ಆರ್ಕೆಸ್ಟ್ರಾದಲ್ಲಿ ಇರುವುದು ಒಂದೇ ಬಾಸ್. ಇಲ್ಲಿ ಐದು. ಚಾರ್ಲಿ ಹೇಡನ್, ಸ್ಟೀವ್ ಸ್ವಾಲೋ ಅವರಂಥವರು ಆ ಸಾಲಿನಲ್ಲಿದ್ದಾರೆ. ತಾಳ ಹಿಡಿಯಲು ಐದು ಬಾಸ್ ಬೇಡ. ಇವು ತಾಳಕ್ಕಲ್ಲ, ನೆಲಕ್ಕೆ. ಆ ನೆಲ ನಿಧಾನವಾಗಿ ಸರಿಯುತ್ತಾ ಇರುತ್ತದೆ. ಅದರ ಮೇಲೆ ಹಿತ್ತಾಳೆ ವಾದ್ಯಗಳ ಸ್ವರಗುಚ್ಛ ಮೋಡದ ಹಾಗೆ ಕವಿಯುತ್ತದೆ, ಕರಗುತ್ತದೆ. ಪಕ್ಕಪಕ್ಕದ ಸ್ವರಗಳನ್ನೆಲ್ಲ ಒಟ್ಟಿಗೆ ಹಿಡಿದಾಗ ಬರುವ ಒರಟು ದನಿ ಅದು. ಕಿವಿಗೆ 'ಅಪಸ್ವರ' ಅನ್ನಿಸಬಹುದು. ಆದರೆ ಯಾರು ಯಾವ ಸ್ವರ ಹಿಡಿಯಬೇಕು ಅನ್ನುವುದೂ ಕಾಗದದಲ್ಲಿದೆ.

ಸೋಲೋ ನುಡಿಸುವವರು ಈ ಮೋಡದ ಜೊತೆ ಏನು ಮಾಡುತ್ತಾರೆ ಅನ್ನುವುದೇ ಆಲ್ಬಂನ ಸ್ವಾರಸ್ಯ. ಮೋಡ ಇವರ ಮಾತು ಕೇಳುವುದಿಲ್ಲ, ಅದು ತನ್ನ ಪಾಡಿಗೆ ಬರುತ್ತದೆ. ಸ್ಯಾಂಡರ್ಸ್ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಕೂಗುತ್ತಾರೆ. ರಡ್ ಅದರ ಜೊತೆ ಮಾತಿಗಿಳಿಯುತ್ತಾರೆ, ಗೊಣಗುತ್ತಾರೆ, ಕೆಣಕುತ್ತಾರೆ. ಕೊರಿಯೆಲ್ ಭಾಗ ನನಗೆ ಅಷ್ಟಾಗಿ ಹಿಡಿಸಿಲ್ಲ. ಗಿಟಾರ್‌ನ ಗುಂಯ್‌ಗುಡುವಿಕೆ ಮೋಡದ ದನಿಗೆ ಹತ್ತಿರವಾಗಿ ಅದರಲ್ಲೇ ಕಳೆದುಹೋಗುತ್ತದೆ.

ಇನ್ನು ಟೇಲರ್. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇದೊಂದು ವಿಚಿತ್ರ ಜೋಡಿ. ಸೆಸಿಲ್ ಟೇಲರ್ ತಮ್ಮ ತಂಡಕ್ಕೆ ಅಚ್ಚುಕಟ್ಟಾದ ಸ್ವರಲಿಪಿ ಕೊಡುತ್ತಿರಲಿಲ್ಲ. ಪಿಯಾನೊ ಮುಂದೆ ಕೂತು ಸಾಲನ್ನು ನುಡಿಸಿ ತೋರಿಸುತ್ತಿದ್ದರು. ಉಳಿದವರು ಕಿವಿಯಿಂದ ಹಿಡಿಯಬೇಕು, ಬೇಕಿದ್ದರೆ ತಮಗೆ ತಿಳಿದ ಹಾಗೆ ಬರೆದುಕೊಳ್ಳಬೇಕು. 1966ರ ಅವರ 'ಯೂನಿಟ್ ಸ್ಟ್ರಕ್ಚರ್ಸ್' ಕೇಳಿದರೆ ಅದೆಷ್ಟು ಬಿಗಿಯಾದ ಕಟ್ಟಡ ಅಂತ ಗೊತ್ತಾಗುತ್ತದೆ. ಅಂಥವರನ್ನು ಇನ್ನೊಬ್ಬರು ಬರೆದ ಕಾಗದದ ಮಧ್ಯೆ ಕೂರಿಸಿದ್ದಾರೆ. ಜಗಳ ಆಗಬೇಕಿತ್ತು. ಆಗಲಿಲ್ಲ. ಟೇಲರ್ ನುಡಿಸುವಾಗಲೇ ಕಟ್ಟುವವರು. ಒಂದು ಚಿಕ್ಕ ತುಂಡು ಹಿಡಿಯುತ್ತಾರೆ. ಅದನ್ನೇ ಮೇಲೆ ನುಡಿಸುತ್ತಾರೆ, ಕೆಳಗೆ ನುಡಿಸುತ್ತಾರೆ, ತಿರುಗಿಸುತ್ತಾರೆ, ಒಡೆದು ಜೋಡಿಸುತ್ತಾರೆ. ಅವರ ಎದುರಿಗೆ ಡ್ರಮ್ಸ್‌ನಲ್ಲಿ ಆಂಡ್ರೂ ಸಿರಿಲ್, ಅವರ ಸ್ವಂತ ತಂಡದವರೇ. ಹಾಗಾಗಿ 11ನೇ ತುಣುಕಿನಲ್ಲಿ ಕೇಳಿಸುವುದು ಇಬ್ಬರು ಸಂಯೋಜಕರು. ಒಬ್ಬರು ಮೊದಲೇ ಬರೆದು ಮುಗಿಸಿದ್ದಾರೆ, ಇನ್ನೊಬ್ಬರು ಈಗ ಬರೆಯುತ್ತಿದ್ದಾರೆ. ಇಡೀ ಆಲ್ಬಂನಲ್ಲಿ ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ.

ಈಗ, ಒಂದೇ ಸಲಕ್ಕೆ ನಿಲ್ಲುವುದು ಹೇಗೆ? ಮ್ಯಾಂಟ್ಲರ್ ವಿಷಯದಲ್ಲಿ ಉತ್ತರ ಸುಲಭ. ಮುಂದೆ ಕಂಡಕ್ಟರ್, ಅಂದರೆ ಕೈಸನ್ನೆಯಿಂದ ತಂಡವನ್ನು ನಡೆಸುವವರು, ನಿಂತಿದ್ದಾರೆ, ಕೈ ಇಳಿಸಿದರೆ ಎಲ್ಲರೂ ನಿಲ್ಲುತ್ತಾರೆ. ಬೇರೆಬೇರೆ ತಂಡಗಳಲ್ಲಿ ಬೇರೆಬೇರೆ ರೂಢಿಗಳಿವೆ. ಕೆಲವು ಕಡೆ ಸ್ವರ ಬರೆದಿರುತ್ತಾರೆ, ಅದರ ಉದ್ದ ಬರೆದಿರುವುದಿಲ್ಲ. ಕೆಲವು ಕಡೆ ಸೆಕೆಂಡ್ ಲೆಕ್ಕ. 'ಇಪ್ಪತ್ತು ಸೆಕೆಂಡ್ ಹೀಗೆ, ಆಮೇಲೆ ಹಾಗೆ.' ಕೆಲವರು ಸ್ವರದ ಬದಲು ಗೆರೆ, ಚುಕ್ಕಿ, ಬಣ್ಣಗಳ ಚಿತ್ರ ಕೊಡುತ್ತಾರೆ. ಇನ್ನು ಕೆಲವರಲ್ಲಿ ಒಬ್ಬ ವಾದಕರಿಗೆ ಗುಟ್ಟಾದ ಒಂದು ಸಾಲು ಕೊಟ್ಟಿರುತ್ತಾರೆ. ಅದು ಕಿವಿಗೆ ಬಿದ್ದ ಕೂಡಲೇ ಎಲ್ಲರೂ ಮುಂದಿನ ಭಾಗಕ್ಕೆ ಹಾರಬೇಕು.

ಅಮೆರಿಕದ ಪಿಯಾನೊ ವಾದಕ, ತಂಡದ ನಾಯಕ ಸನ್ ರಾ ಅವರ ಆರ್ಕೆಸ್ಟ್ರಾದ ಕಥೆಯೇ ಬೇರೆ. ಅವರು 'ಆರ್ಕೆಸ್ಟ್ರಾ' (Orchestra) ಪದವನ್ನೇ ತಿರುಚಿ 'Arkestra' ಅಂತ ಬರೆದರು. ಇಂಗ್ಲಿಷ್‌ನಲ್ಲಿ 'ಆರ್ಕ್' (Ark) ಅಂದರೆ ಪ್ರಳಯದಲ್ಲಿ ತೇಲಿದ ನಾವೆ. 1968ರಿಂದ ಆ ತಂಡದ ಹಲವರು ಫಿಲಡೆಲ್ಫಿಯಾದಲ್ಲಿ ಒಂದೇ ಮನೆಯಲ್ಲಿ ವಾಸಿಸಿದರು. ಹೊತ್ತುಗೊತ್ತಿಲ್ಲದ ರಿಹರ್ಸಲ್. ಅಷ್ಟು ಒಡನಾಟ ಇದ್ದರೆ ನಾಯಕ ಕೈ ಎತ್ತುವ ಮೊದಲೇ ಗೊತ್ತಾಗುತ್ತದೆ.

ಕೈಸನ್ನೆಯನ್ನೇ ಒಂದು ಭಾಷೆಯಾಗಿ ಬೆಳೆಸಿದವರು ಬುಚ್ ಮಾರಿಸ್. ಅವರು ಕಾರ್ನೆಟ್ ವಾದಕ. 1985ರಿಂದ ಅವರು ತಮ್ಮ ಪದ್ಧತಿಗೆ 'ಕಂಡಕ್ಷನ್' ಅಂತ ಹೆಸರಿಟ್ಟು, ಒಂದೊಂದು ಕಾರ್ಯಕ್ರಮಕ್ಕೂ ಸಂಖ್ಯೆ ಹಾಕುತ್ತಾ ಹೋದರು. ಕಾಗದವೇ ಇಲ್ಲ. ಈ ಸ್ವರ ಹಿಡಿದುಕೋ, ಇದನ್ನೇ ಮತ್ತೆ ಮತ್ತೆ ನುಡಿಸು, ಈಗ ನುಡಿಸಿದ್ದನ್ನು ನೆನಪಿಟ್ಟುಕೋ, ಆಮೇಲೆ ಕೇಳುತ್ತೇನೆ. ಹೀಗೆ ಒಂದೊಂದಕ್ಕೂ ಒಂದು ಸನ್ನೆ. ನೆನಪಿನ ಸನ್ನೆ ನನಗೆ ತುಂಬಾ ಇಷ್ಟ. ಆಕಸ್ಮಿಕವಾಗಿ ಹುಟ್ಟಿದ ಒಂದು ಸಾಲು ಹತ್ತು ನಿಮಿಷ ಬಿಟ್ಟು ವಾಪಸ್ ಬಂದಾಗ, ಕೇಳುವವರಿಗೆ ಅದು ಮೊದಲೇ ಬರೆದಿಟ್ಟ ಪಲ್ಲವಿ ಅನ್ನಿಸುತ್ತದೆ. ಇದನ್ನು ಬರೆದದ್ದು ಅನ್ನುವುದೋ, ಹುಟ್ಟಿದ್ದು ಅನ್ನುವುದೋ? ನಿಮ್ಮ ಪ್ರಶ್ನೆಯ ಎರಡು ಖಾನೆಗಳಲ್ಲಿ ಇದು ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ.

ಯುರೋಪಿನ ಕಡೆ ಬಂದರೆ ಎರಡು ಹೆಸರು ಹೇಳಲೇಬೇಕು. ಒಂದು 'ಗ್ಲೋಬ್ ಯೂನಿಟಿ'. ಜರ್ಮನಿಯ ಪಿಯಾನೊ ವಾದಕ ಅಲೆಕ್ಸಾಂಡರ್ ಫಾನ್ ಶ್ಲಿಪ್ಪನ್‌ಬಾಖ್ 1966ರಲ್ಲಿ ಬರ್ಲಿನ್‌ನ ಜಾಝ್ ಉತ್ಸವಕ್ಕಾಗಿ ಕಟ್ಟಿದ ತಂಡ. ಅದೇ ವರ್ಷದ ಡಿಸೆಂಬರ್‌ನಲ್ಲಿ ಆಲ್ಬಂ ರೆಕಾರ್ಡ್ ಆಯಿತು. ಪೀಟರ್ ಬ್ರೋಟ್ಸ್‌ಮನ್, ಮಾನ್ಫ್ರೆಡ್ ಶೂಫ್ ಸುತ್ತಲಿನ ಎರಡು ಚಿಕ್ಕ ತಂಡಗಳು ಅದರ ಬುಡ. ಶ್ಲಿಪ್ಪನ್‌ಬಾಖ್ ಕಲೋನ್‌ನಲ್ಲಿ ಬೆರ್ಂಡ್ ಅಲೊಯಿಸ್ ಸಿಮರ್‌ಮನ್ ಎಂಬ ಶಾಸ್ತ್ರೀಯ ಸಂಯೋಜಕರ ಬಳಿ ಕಲಿತವರು. ಆ ಪಾಠದ ಕುರುಹು ಈ ಬರವಣಿಗೆಯಲ್ಲಿ ಕೇಳಿಸುತ್ತದೆ. ಆಮೇಲೆ ತಂಡ ಕಾಗದವನ್ನು ಮೆಲ್ಲಗೆ ಬಿಡುತ್ತಾ ಬಂತು. 1970ರ ದಶಕದ ಕೊನೆಗೆ ಅವರು 'ಇಂಪ್ರೊವೈಸೇಷನ್ಸ್' ಅಂತ ಒಂದು, 'ಕಂಪೊಸಿಷನ್ಸ್' ಅಂತ ಇನ್ನೊಂದು ಆಲ್ಬಂ ಮಾಡಿದರು. ಹೆಸರೇ ಎಲ್ಲ ಹೇಳುತ್ತದೆ. ಒಂದೇ ತಂಡ, ಒಂದು ಸಲ ಕಾಗದವಿಲ್ಲದೆ, ಒಂದು ಸಲ ಕಾಗದದ ಜೊತೆ. ನಿಮ್ಮ ಪ್ರಶ್ನೆಗೆಂದೇ ಮಾಡಿಟ್ಟ ಹಾಗಿದೆ. ಎರಡನ್ನೂ ಕೇಳಿ. ಕಾಗದವಿಲ್ಲದ್ದೇ ಹೆಚ್ಚು ಖಾಲಿ, ಹೆಚ್ಚು ಎಚ್ಚರ ಅಂತ ನಿಮಗೂ ಅನ್ನಿಸೀತು. ಹತ್ತು ವರ್ಷ ಒಟ್ಟಿಗೆ ನುಡಿಸಿದ ಮೇಲೆ ಸುಮ್ಮನಿರುವುದನ್ನು ಹೇಳಿಕೊಡಲು ಯಾರೂ ಬೇಕಾಗುವುದಿಲ್ಲ.

ಇನ್ನೊಂದು ಲಂಡನ್ ಜಾಝ್ ಕಂಪೋಸರ್ಸ್ ಆರ್ಕೆಸ್ಟ್ರಾ. ಹೆಸರು ಹತ್ತಿರ ಇದೆ, ತಂಡ ಬೇರೆ, ಗೊಂದಲ ಮಾಡಿಕೊಳ್ಳಬೇಡಿ. ಬಾಸ್ ವಾದಕ ಬ್ಯಾರಿ ಗೈ ಕಟ್ಟಿದ್ದು. 1972ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ನುಡಿಸಿದ 'ಓಡ್' ಅವರ ಮೊದಲ ಆಲ್ಬಂ. ಏಳು ಭಾಗ, ಇಪ್ಪತ್ತೊಂದು ಜನ, ಮುಂದೆ ಕಂಡಕ್ಟರ್ ಆಗಿ ಬಕ್ಸ್‌ಟನ್ ಆರ್. ಮ್ಯಾಂಟ್ಲರ್ ಒಬ್ಬರನ್ನು ಬಿಚ್ಚಿಬಿಟ್ಟರೆ ಗೈ ಗುಂಪನ್ನೇ ಚಿಕ್ಕ ಚಿಕ್ಕ ತಂಡಗಳಾಗಿ ಒಡೆಯುತ್ತಾರೆ. ಒಂದು ಕಡೆ ಇಬ್ಬರು ಮಾತಾಡಿಕೊಳ್ಳುತ್ತಿರುವಾಗ ಇನ್ನೊಂದು ಕಡೆಯಿಂದ ಹಿತ್ತಾಳೆ ವಾದ್ಯಗಳು ಗೋಡೆಯ ಹಾಗೆ ಬಂದು ನಿಲ್ಲುತ್ತವೆ. ಸ್ಯಾಕ್ಸೊಫೋನ್‌ನ ಇವಾನ್ ಪಾರ್ಕರ್, ಗಿಟಾರ್‌ನ ಡೆರೆಕ್ ಬೇಲಿ ಅಂಥವರು ತಂಡದಲ್ಲಿದ್ದಾರೆ. ಅವರಲ್ಲಿ ಯಾರು ನುಡಿಸುತ್ತಾರೆ ಅನ್ನುವುದು, ಏನು ನುಡಿಸುತ್ತಾರೆ ಅನ್ನುವುದಕ್ಕಿಂತ ದೊಡ್ಡ ತೀರ್ಮಾನ. ಸಂಯೋಜಕರ ಹೆಸರು ಯಾಕೆ ಅಂತ ಕೇಳಿದಿರಲ್ಲ, ಉತ್ತರ ಇದೇ. ಬೇಲಿ ಗಿಟಾರ್‌ಗೆ ಎರಡು ನಿಮಿಷ ಖಾಲಿ ಜಾಗ ಬಿಟ್ಟರೆ ಆ ಎರಡು ನಿಮಿಷ ಹೇಗಿರುತ್ತದೆ ಅಂತ ಬಿಟ್ಟವರಿಗೆ ಸುಮಾರಾಗಿ ಗೊತ್ತಿರುತ್ತದೆ. ಹಳೆಯ ತಲೆಮಾರಿನ ಜಾಝ್ ಸಂಯೋಜಕ ಡ್ಯೂಕ್ ಎಲಿಂಗ್ಟನ್ ಇದನ್ನು ಬಹಳ ಹಿಂದೆಯೇ ಮಾಡುತ್ತಿದ್ದರು. ಅವರು ಬರೆಯುತ್ತಿದ್ದದ್ದು ವಾದ್ಯಕ್ಕಲ್ಲ, ಅದನ್ನು ಹಿಡಿದು ಕೂತ ಮನುಷ್ಯನಿಗೆ.

ಹೊರಗಿನವರು ಕೈ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ಉದಾಹರಣೆ ಇದೆ. ಪೋಲೆಂಡಿನ ಶಾಸ್ತ್ರೀಯ ಸಂಯೋಜಕ ಪೆಂಡೆರೆಟ್ಸ್ಕಿ 1971ರಲ್ಲಿ ಡೊನೌಎಶಿಂಗನ್ ಉತ್ಸವದಲ್ಲಿ ಫ್ರೀ ಜಾಝ್ ಆರ್ಕೆಸ್ಟ್ರಾಗೆಂದು 'ಆಕ್ಷನ್ಸ್' ಬರೆದರು. ನುಡಿಸಿದವರು ಘಟಾನುಘಟಿಗಳು. ಆದರೂ ಹೊಲಿಗೆ ಎದ್ದು ಕಾಣುತ್ತದೆ. ಬರೆದದ್ದು ಮುಗಿಯಿತು, ಈಗ ಸ್ವಾತಂತ್ರ್ಯ, ಅದು ಮುಗಿಯಿತು, ಮತ್ತೆ ಬರೆದದ್ದು. ಕೇಳಿ ನೋಡಿ, ಹೊಲಿಗೆ ಕಾಣದ ಹಾಗೆ ಮಾಡುವುದು ಎಷ್ಟು ಕಷ್ಟ ಅಂತ ತಿಳಿಯುತ್ತದೆ.

ಇಷ್ಟೆಲ್ಲ ಭಾರ ಅನ್ನಿಸಿದರೆ 1969ರಲ್ಲಿ ರೆಕಾರ್ಡ್ ಆದ ಚಾರ್ಲಿ ಹೇಡನ್ ಅವರ 'ಲಿಬರೇಷನ್ ಮ್ಯೂಸಿಕ್ ಆರ್ಕೆಸ್ಟ್ರಾ'ದಿಂದ ಶುರು ಮಾಡಿ. ಸ್ಪೇನ್ ಅಂತರ್ಯುದ್ಧದ ಹಾಡುಗಳಿವೆ, ಹಿಡಿದುಕೊಳ್ಳಲು ರಾಗವಿದೆ. ಜೋಡಣೆ ಬಹುಪಾಲು ಸಂಯೋಜಕಿ, ಪಿಯಾನೊ ವಾದಕಿ ಕಾರ್ಲಾ ಬ್ಲೇ ಅವರದು. ಮ್ಯಾಂಟ್ಲರ್ ಜೊತೆ ಸೇರಿ ಜಾಝ್ ಕಂಪೋಸರ್ಸ್ ಆರ್ಕೆಸ್ಟ್ರಾ ಕಟ್ಟಿದವರೂ ಅವರೇ. ಹೇಡನ್ ಅವರ ಆಲ್ಬಂನಲ್ಲಿ 'ಸರ್ಕಸ್ '68 '69' ಎಂಬ ತುಣುಕು ಇದೆ. 1968ರಲ್ಲಿ ಶಿಕಾಗೋದಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ, ವಿಯೆಟ್ನಾಂ ಯುದ್ಧಕ್ಕೆ ವಿರುದ್ಧವಾಗಿದ್ದ ಪ್ರತಿನಿಧಿಗಳು ಎದ್ದು ನಿಂತು 'ವಿ ಶಲ್ ಓವರ್‌ಕಮ್' (ನಾವು ಗೆದ್ದೇ ಗೆಲ್ಲುತ್ತೇವೆ) ಎಂಬ ಹೋರಾಟದ ಹಾಡು ಹಾಡಿದರು. ಅದನ್ನು ಮುಚ್ಚಿಹಾಕಲು ಸಭಾಂಗಣದ ವಾದ್ಯವೃಂದ ಬೇರೆ ಹಾಡು ನುಡಿಸಿತು. ಹೇಡನ್ ತಮ್ಮ ಆರ್ಕೆಸ್ಟ್ರಾವನ್ನು ಎರಡಾಗಿ ಒಡೆದು ಆ ಜಗಳವನ್ನೇ ನುಡಿಸಿದರು. ಇಲ್ಲಿ ಬರೆದದ್ದು ಜಗಳದ ನಿಯಮ ಮಾತ್ರ. ಏಟು, ತಿರುಗೇಟು ಎಲ್ಲ ಆಗ ಹುಟ್ಟಿದ್ದು. ಕಥೆ ಗೊತ್ತಿದ್ದು ಕೇಳಿದರೆ ಯಾರಿಗೂ ಅದು ಅರ್ಥವಿಲ್ಲದ ಗದ್ದಲ ಅನ್ನಿಸುವುದಿಲ್ಲ.

ಕೊನೆಗೆ ಮನೆಯವರ ವಿಷಯ. ಒಂದು ಕೇಳುತ್ತೇನೆ, ನೀವು ಆ ಆಲ್ಬಂ ಅನ್ನು ಫೋನಿನ ಸ್ಪೀಕರ್‌ನಲ್ಲಿ ಹಾಕಿದ್ದಿರಾ? ಹಾಗಿದ್ದರೆ ಐದು ಬಾಸ್‌ಗಳಲ್ಲಿ ಒಂದೂ ಕೇಳಿಸಿರಲಾರದು. ಅಷ್ಟು ಚಿಕ್ಕ ಸ್ಪೀಕರ್‌ಗೆ ಆ ಕೆಳಗಿನ ದನಿ ಹೊರಡಿಸಲು ಆಗುವುದಿಲ್ಲ. ಮ್ಯಾಂಟ್ಲರ್ ಅಷ್ಟು ಕಷ್ಟಪಟ್ಟು ಬರೆದ ನೆಲವೇ ಮಾಯವಾಗಿ, ಉಳಿದದ್ದು ಮೇಲಿನ ಕಿರುಚಾಟ ಮಾತ್ರ. ದೊಡ್ಡ ಸ್ಪೀಕರ್‌ಗೆ ಹಾಕಿ, ಸ್ವಲ್ಪ ಜೋರಾಗಿಯೇ ಇಟ್ಟು, 11ನೇ ತುಣುಕಿನಿಂದ ಶುರು ಮಾಡಿ. ಮನೆಯವರು ಆಗಲೂ ಎದ್ದು ಹೋದರೆ ಹೆಡ್‌ಫೋನ್ ಇದ್ದೇ ಇದೆ.